ಫಿಜಿಯಿಂದ ಸಮೋವಾಕ್ಕೆ: ಜ್ವರದ ಲೆಕ್ಕ ಹಿಡಿದು ಒಂದು ಸುತ್ತು

ಭಾನುವಾರ: ನಾಂದಿಯಿಂದ ಸುವಾ

ಫಿಜಿ ಅಂದ ತಕ್ಷಣ ನಮ್ಮ ಕಡೆಯವರ ಕಣ್ಣಿಗೆ ಕಟ್ಟುವುದು ಹನಿಮೂನ್ ಜಾಹೀರಾತು. ನೀಲಿ ನೀರು, ಬಿಳಿ ಮರಳು, ಬಾಗಿದ ತೆಂಗಿನ ಮರ. ಆ ಫಿಜಿ ನೋಡಬೇಕಾದವರು ನಾಂದಿ ವಿಮಾನ ನಿಲ್ದಾಣದಲ್ಲಿ ಇಳಿದು ಪಶ್ಚಿಮದ ಕಡೆ ದೋಣಿ ಹತ್ತುತ್ತಾರೆ. ನಾವು ಹೊರಟಿದ್ದು ಪೂರ್ವಕ್ಕೆ, ವ್ಯಾನಿನಲ್ಲಿ, ಮಳೆ ಬಿಡದ ರಾಜಧಾನಿ ಸುವಾ ಕಡೆಗೆ.

ನಾವು ಅಂದರೆ ಟೋಂಗಾದ ಹಿರಿಯ ನರ್ಸ್ ಒಬ್ಬರು, ಫಿಜಿಯವರೇ ಆದ ಲ್ಯಾಬ್ ತಜ್ಞೆ, ತಂಡದ ಹೊಣೆ ಹೊತ್ತ ನಾನು. ಏನು ಕೆಲಸ ಅಂತ ಊರಲ್ಲಿ ಕೇಳಿದವರಿಗೆ ನಾನು ಹೇಳುವುದು ಇಷ್ಟೇ. ಯಾವ ದ್ವೀಪದಲ್ಲಿ ಎಂಥ ಜ್ವರ ಬಂದಿದೆ ಅಂತ ಬೇಗ ಗೊತ್ತಾಗಬೇಕು. ಗೊತ್ತಾದ ದಿನ ಯಾರು ಏನು ಮಾಡಬೇಕು ಅನ್ನುವುದು ಮೊದಲೇ ತೀರ್ಮಾನ ಆಗಿರಬೇಕು. ಶಿವಮೊಗ್ಗ ಜಿಲ್ಲೆಯಲ್ಲಿ ಮಂಗನ ಕಾಯಿಲೆಯ ಲೆಕ್ಕ ಇಡುತ್ತಾ ಈ ಕಸುಬು ಕಲಿತವಳು ನಾನು. ಅಲ್ಲಿ ಕಾಡಂಚಿನವರು ಸತ್ತ ಮಂಗ ಕಂಡರೆ ಆರೋಗ್ಯ ಕೇಂದ್ರಕ್ಕೆ ಹೇಳಿ ಕಳಿಸುತ್ತಾರೆ. ಮೊದಲ ಸುಳಿವು ಅದೇ. ಇಲ್ಲಿ ಸುಳಿವು ಬರಬೇಕಾದದ್ದು ಸಮುದ್ರ ದಾಟಿ.

ಡ್ರೈವರ್ ಭಾರತ ಮೂಲದ ಹಿರಿಯರು. ಅವರ ಆಜಾ, ಅಂದರೆ ತಂದೆಯ ತಂದೆ, ಮದ್ರಾಸಿನಿಂದ ಹಡಗು ಹತ್ತಿ ಕಬ್ಬಿನ ಗದ್ದೆಗೆ ಗಿರ್ಮಿಟ್ ಕೂಲಿಯಾಗಿ, ಅಂದರೆ ಕರಾರಿನ ಕೂಲಿಯಾಗಿ ಬಂದವರಂತೆ. ದಕ್ಷಿಣ ಭಾರತದಿಂದ ಇಲ್ಲಿಗೆ ಹೀಗೆ ಜನರನ್ನು ತರುವುದು ಶುರುವಾಗಿದ್ದು 1903ರಲ್ಲಿ. ಸಿಂಗಾತೋಕಾ ದಾಟುವವರೆಗೂ ಕಬ್ಬಿನ ಮಾತು, ಆಮೇಲೆ ಮಳೆ ಮಾತು. "ಡಾಕ್ಟರ್ ಜೀ, ಪ್ರವಾಹದ ನೀರು ಇಳಿಯಲಿ, ಲೆಪ್ಟೋ ಬಂತು ಅಂತಲೇ ಲೆಕ್ಕ" ಅಂದರು. ಲೆಪ್ಟೋ ಅಂದರೆ ನಮ್ಮ ಇಲಿ ಜ್ವರ. ಅವರು ಸುಮ್ನೆ ಹೇಳಿದ್ದಲ್ಲ. 2012ರಲ್ಲಿ ಎರಡು ಪ್ರವಾಹ ಒಂದರ ಹಿಂದೆ ಒಂದು ಬಂದ ಮೇಲೆ 570ಕ್ಕೂ ಜಾಸ್ತಿ ಜನಕ್ಕೆ ಈ ಜ್ವರ ಬಂದು 40 ಜನ ಸತ್ತರು. ಲೆಕ್ಕದ ಹಾಳೆ ತಯಾರಾಗುವ ಮೊದಲೇ ಡ್ರೈವರಿಗೆ ಗೊತ್ತಿರುವ ಸಂಗತಿ ಇದು.

ಸುವಾ ಸೇರುವಾಗ ವೈಪರ್ ಜೋರಾಗಿ ಓಡುತ್ತಿತ್ತು.

ಸೋಮವಾರ: ಸುವಾ

ನಮ್ಮ ಕಸುಬಿನಲ್ಲಿ ವಾರದ ದೊಡ್ಡ ದಿನ ಸೋಮವಾರ.

ಪೆಸಿಫಿಕ್‌ನಲ್ಲಿ 22 ದ್ವೀಪ ದೇಶಗಳು, ಪ್ರಾಂತ್ಯಗಳು ಇವೆ. ತುವಾಲುವಿನಲ್ಲಿ ಹನ್ನೊಂದು ಸಾವಿರದಷ್ಟು ಜನ. ಕಿರಿಬಾಸ್‌ನ 33 ದ್ವೀಪಗಳು 35 ಲಕ್ಷ ಚದರ ಕಿಲೋಮೀಟರ್ ಸಮುದ್ರದಲ್ಲಿ ಚೆಲ್ಲಿಕೊಂಡಿವೆ. ಇಲ್ಲೆಲ್ಲ ಮೂಲೆ ಮೂಲೆಗೂ ಲ್ಯಾಬ್ ಕಟ್ಟುತ್ತೇವೆ ಅಂದರೆ ಆಗದ ಮಾತು. ಅದಕ್ಕೇ 2010ರಲ್ಲಿ ಒಂದು ಸರಳ ಏರ್ಪಾಡು ಶುರುವಾಯಿತು. ನರ್ಸ್ ರೋಗದ ಹೆಸರು ಹೇಳಬೇಕಾಗಿಲ್ಲ, ಲಕ್ಷಣ ಎಣಿಸಿದರೆ ಸಾಕು. ಜ್ವರದ ಜೊತೆ ಮೈಮೇಲೆ ದದ್ದು, ಬಿಡದ ಜ್ವರ, ಫ್ಲೂ ತರಹದ ನೆಗಡಿ-ಕೆಮ್ಮು, ಭೇದಿ. ಶುರುವಿನಲ್ಲಿ ಈ ನಾಲ್ಕೇ ಇದ್ದವು. ಬರಬರುತ್ತಾ ಡೆಂಗ್ಯೂ ತರಹದ ಜ್ವರವೂ ಸೇರಿತು. ವಾರದಲ್ಲಿ ಎಷ್ಟು ಜನ ಬಂದರು ಅಂತ ಫೋನಿನಲ್ಲೋ ಈಮೇಲಿನಲ್ಲೋ ತಿಳಿಸಿದರೆ ಮುಗಿಯಿತು.

ಓದಲು ಸುಲಭ. ನಡೆಸಲು ಕೂತರೆ ಮೊದಲ ತಕರಾರು ಕ್ಯಾಲೆಂಡರಿನದು. ಕಿರಿಬಾಸ್‌ನ ಪೂರ್ವ ತುದಿಯ ಕಿರಿಸ್ಮಸ್ ದ್ವೀಪದಲ್ಲೂ ಕುಕ್ ದ್ವೀಪಗಳಲ್ಲೂ ಗಡಿಯಾರದ ಮುಳ್ಳು ಒಂದೇ ಕಡೆ ಇರುತ್ತದೆ, ದಿನ ಮಾತ್ರ ಬೇರೆ. ಅವರಿಗೆ ಸೋಮವಾರ ಬೆಳಗ್ಗೆ ಎಂಟು, ಇವರಿಗೆ ಭಾನುವಾರ ಬೆಳಗ್ಗೆ ಎಂಟು. ಭಾನುವಾರ ಬೆಳಗ್ಗೆ ಚರ್ಚ್ ಬಿಟ್ಟು ಫೋನ್ ಎತ್ತುವವರು ಪೆಸಿಫಿಕ್‌ನಲ್ಲಿ ಯಾರೂ ಇಲ್ಲ.

ಮೀಟಿಂಗಿನಲ್ಲಿ ಪರದೆಯ ಮೇಲೆ ಹಾಳೆ ತೆರೆದರು. ಹೊಸಬರು ದೊಡ್ಡ ಸಂಖ್ಯೆ ಎಲ್ಲಿದೆ ಅಂತ ಹುಡುಕುತ್ತಾರೆ. ನನ್ನ ಕಣ್ಣು ಮೊದಲು ಹೋಗುವುದು ಖಾಲಿ ಮನೆಗಳ ಕಡೆಗೆ. ಸೊನ್ನೆ ಬರೆದಿದ್ದರೆ ಅಲ್ಲಿ ನರ್ಸ್ ಇದ್ದಾರೆ, ನೋಡಿದ್ದಾರೆ, ಏನೂ ಕಂಡಿಲ್ಲ. ಖಾಲಿ ಬಿಟ್ಟಿದ್ದರೆ ಏನು ಬೇಕಾದರೂ ಆಗಿರಬಹುದು. ಓವಲಾವ್ ದ್ವೀಪದ ಒಂದು ಚಿಕ್ಕ ನರ್ಸಿಂಗ್ ಸ್ಟೇಷನ್ ಮೂರು ವಾರದಿಂದ ಖಾಲಿ. ಹೇಗಿದ್ದರೂ ಆ ದ್ವೀಪಕ್ಕೆ ಹೋಗುವುದಿತ್ತು. ಆ ಹೆಸರಿನ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದೆ.

ಮಧ್ಯಾಹ್ನ ತರಬೇತಿಗೆ ಬಂದ ಹುಡುಗಿ ಕೇಳಿದಳು, "ಡಾಕ್ಟರ್, ಲ್ಯಾಬ್ ಇಲ್ಲದೆ ದದ್ದು ಎಣಿಸಿ ಏನು ಸಿಗುತ್ತದೆ?" ಅವಳಿಗೆ ಮೈಕ್ರೋನೇಷಿಯಾದ ಯಾಪ್ ದ್ವೀಪದ ಕಥೆ ಹೇಳಿದೆ. 2007ರಲ್ಲಿ ಅಲ್ಲಿನ ವೈದ್ಯರಿಗೆ ಜ್ವರ, ದದ್ದು, ಕೆಂಗಣ್ಣು ಇದ್ದ ರೋಗಿಗಳು ಸಾಲುಸಾಲಾಗಿ ಕಂಡರು. ಡೆಂಗ್ಯೂ ತರಹವೇ ಇದೆ, ಆದರೆ ಇದು ನಾವು ನೋಡಿದ ಡೆಂಗ್ಯೂ ಅಲ್ಲ ಅನ್ನಿಸಿತು. ರಕ್ತದ ಮಾದರಿ ಅಮೆರಿಕಕ್ಕೆ ಕಳಿಸಿದರು. ಬಂದ ಉತ್ತರ ಝಿಕಾ. ಆಫ್ರಿಕಾ, ಏಷ್ಯಾ ಬಿಟ್ಟು ಹೊರಗೆ ಆ ವೈರಸ್ ಹಬ್ಬಿದ್ದು ಅದೇ ಮೊದಲು. ಮೂರು ವರ್ಷ ದಾಟಿದವರಲ್ಲಿ ಸುಮಾರು 73% ಜನಕ್ಕೆ ತಗುಲಿತ್ತು. ಬ್ರೆಜಿಲ್‌ನಲ್ಲಿ ಗದ್ದಲ ಎದ್ದಿದ್ದು ಎಂಟು ವರ್ಷದ ಮೇಲೆ.

ಮಂಗಳವಾರ: ತಮಾವುವಾ ಗುಡ್ಡ

ದಿನವಿಡೀ ಲ್ಯಾಬ್. ಫಿಜಿಯ ರೋಗ ನಿಯಂತ್ರಣ ಕೇಂದ್ರ ಇರುವುದು ಸುವಾದ ತಮಾವುವಾ ಗುಡ್ಡದ ಮೇಲೆ. ಜನರ ಬಾಯಲ್ಲಿ ಅದು ಮತಾಯ್ಕಾ ಹೌಸ್. ಮಾದರಿಯನ್ನು ಮೂರು ಪದರದ ಡಬ್ಬಿಯಲ್ಲಿ ಹಾಕಿ, ಕಾಗದ ಪತ್ರ ಹೊಂದಿಸಿ, ವಿಮಾನಕ್ಕೆ ಕೊಡುವುದನ್ನು ಚಿಕ್ಕ ದ್ವೀಪಗಳಿಂದ ಬಂದವರಿಗೆ ಕಲಿಸಿದೆವು. ಬೇಸರದ ಕೆಲಸ, ಆದರೆ ಲೇಬಲ್ ತಪ್ಪಿದರೆ ಡಬ್ಬಿ ಅಲ್ಲೇ ಕೂರುತ್ತದೆ, ಡ್ರೈ ಐಸ್ ಕರಗುತ್ತದೆ. ವಾರಕ್ಕೆ ಒಂದೋ ಎರಡೋ ವಿಮಾನ ಬರುವ ಊರಿನಲ್ಲಿ ಅದರ ಅರ್ಥ ಇನ್ನೊಂದು ವಾರ ಕಾಯಬೇಕು ಅಂತ. 2020ರ ಶುರುವಿನಲ್ಲಿ ಕೋವಿಡ್ ಮಾದರಿಗಳು ಇಲ್ಲಿಂದ ಮೆಲ್ಬರ್ನಿಗೆ ಹೋಗುತ್ತಿದ್ದವು. ಆಮೇಲೆ ಕ್ಷಯ ಪತ್ತೆಗೆ ಇಟ್ಟಿದ್ದ ಜೀನ್‌ಎಕ್ಸ್‌ಪರ್ಟ್ ಯಂತ್ರಗಳಲ್ಲೇ ಕೋವಿಡ್ ಪರೀಕ್ಷೆಯೂ ಆಗತೊಡಗಿದ ಮೇಲೆ ಎಷ್ಟೋ ದ್ವೀಪಗಳು ಉಸಿರು ಬಿಟ್ಟವು.

ಸಂಜೆ ಸುವಾ ಮಾರ್ಕೆಟ್ಟಿನಲ್ಲಿ ಯಾಂಗೋನಾ ಬೇರಿನ ಕಟ್ಟು ಕೊಂಡೆವು. ಕಾವಾ ಅಂತ ಹೊರಗಿನವರು ಹೇಳುವುದು ಇದನ್ನೇ. ಇದು ಕೈಯಲ್ಲಿ ಇಲ್ಲದೆ ಹಳ್ಳಿಯೊಳಗೆ ಕಾಲಿಡುವ ಹಾಗಿಲ್ಲ.

ಬುಧವಾರ: ಲೆವುಕಾ

ಕತ್ತಲಿರುವಾಗಲೇ ಬಸ್. ಕೊರೊವೌ ದಾಟಿ ನತೋವಿ ಜೆಟ್ಟಿ. ಬಸ್ಸೇ ಫೆರ್ರಿಯೊಳಗೆ ನುಗ್ಗುತ್ತದೆ, ಒಂದು ತಾಸಿಗೆ ಬುರೆಸಾಲಾ. ಅಲ್ಲಿಂದ ಓವಲಾವ್ ದ್ವೀಪದ ಅಂಚು ಹಿಡಿದು ಮಣ್ಣು ರಸ್ತೆ. ಟೋಂಗಾದ ನರ್ಸಮ್ಮ ದಾರಿಯುದ್ದಕ್ಕೂ ನಿದ್ದೆ ಹೊಡೆದರು. ದೋಣಿ, ಹಡಗು, ಬಸ್ಸು, ಯಾವುದರಲ್ಲಾದರೂ ಕೂತಲ್ಲೇ ನಿದ್ದೆ ಮಾಡುವುದು ಈ ಕೆಲಸಕ್ಕೆ ಬೇಕಾದ ಮುಖ್ಯ ಅರ್ಹತೆ ಅಂತ ನನಗೆ ಈಗ ಖಾತ್ರಿಯಾಗಿದೆ.

ಲೆವುಕಾ ಫಿಜಿಯ ಹಳೆಯ ರಾಜಧಾನಿ. 2013ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಒಂದೇ ಬೀದಿ, ಮರದ ಅಂಗಡಿಗಳು, ಹಿಂದೆ ಗೋಡೆಯ ಹಾಗೆ ಎದ್ದ ಗುಡ್ಡ. ಗಾಳಿ ತಿರುಗಿದರೆ ಟ್ಯೂನಾ ಮೀನಿನ ಕಾರ್ಖಾನೆಯ ವಾಸನೆ. ಚರ್ಚಿನ ಗಡಿಯಾರ ಪ್ರತಿ ಗಂಟೆಯನ್ನೂ ಎರಡೆರಡು ಸಲ ಹೊಡೆಯುತ್ತದೆ, ನಡುವೆ ಒಂದು ನಿಮಿಷ ಬಿಟ್ಟು. ಮೊದಲ ಸಲ ಎಣಿಸಲು ಮರೆತವರಿಗೆ ಅನುಕೂಲ.

ಗುರುವಾರ: ಗೆರೆ ಎಳೆದ ಊರು

ಊರಿನ ಹೆಸರು ಬೇಡ. ಲೆವುಕಾದಿಂದ ಕ್ಯಾರಿಯರ್ ಲಾರಿಯಲ್ಲಿ, ಹಿಂದೆ ಬೆಂಚಿನ ಮೇಲೆ ಕೂತು ಹೋದೆವು. ಊರಿನ ಮೊದಲ ಮನೆ ಕಂಡ ಕೂಡಲೇ ಟೋಪಿ ತೆಗೆದು, ಸುಲು ಅನ್ನುವ ಪಂಚೆ ಸುತ್ತಿಕೊಂಡು, ಬ್ಯಾಗನ್ನು ಹೆಗಲಿಂದ ಇಳಿಸಿ ಕೈಯಲ್ಲಿ ಹಿಡಿದೆವು. ಊರಿನ ಯಜಮಾನರ ಮುಂದೆ ಚಾಪೆಯ ಮೇಲೆ ಕೂತು ಯಾಂಗೋನಾ ಕಟ್ಟು ಒಪ್ಪಿಸಿದ್ದಾಯಿತು. ಇದಕ್ಕೆ ಸೆವುಸೆವು ಅನ್ನುತ್ತಾರೆ. ಅದು ಮುಗಿಯದೆ ಜ್ವರದ ಸುದ್ದಿ ಎತ್ತುವಂತಿಲ್ಲ.

ಆಮೇಲೆ ಪಾತ್ರೆಯಲ್ಲಿ ಬೇರಿನ ಪುಡಿ ಕಲಸಿ ಕೊಡಬೇಕು, ತೆಂಗಿನ ಚಿಪ್ಪಿನ ಒಂದೇ ಬಿಲೋದಲ್ಲಿ ಎಲ್ಲರೂ ಕುಡಿಯಬೇಕು. ಸೋಂಕು ಹರಡುವ ಬಗೆಯನ್ನೇ ಓದಿದವರಿಗೆ ಇದು ಸ್ವಲ್ಪ ಪೇಚಿನ ಗಳಿಗೆ, ಅಲ್ವಾ? ಆದರೆ ಇಲ್ಲಿ ನಡೆದದ್ದೇ ಬೇರೆ. ಒಬ್ಬೊಬ್ಬರ ಮುಂದೆಯೂ ಅವರವರದೇ ಬಿಲೋ ಇತ್ತು. ಕೆಲವರದ್ದು ಪ್ಲಾಸ್ಟಿಕ್ ಲೋಟ. ನೀರು ತಂದದ್ದು ಮುಚ್ಚಳ ಹಾಕಿದ ಕೆಟಲ್‌ನಲ್ಲಿ. "ನರ್ಸ್ ಹೇಳಿದ್ದಾರೆ" ಅಂದರು ತುರಾಂಗಾ ನಿ ಕೋರೋ, ಅಂದರೆ ಊರಿನ ಆಡಳಿತ ನೋಡುವವರು. ಒಂದು ಸಲ ಚಪ್ಪಾಳೆ ತಟ್ಟಿ, ಬುಲಾ ಅಂದು, ಒಂದೇ ಗುಟುಕಿಗೆ ಕುಡಿದು, ಮತ್ತೆ ಮೂರು ಸಲ ತಟ್ಟಿದೆ. ನಾಲಿಗೆ ಮರಗಟ್ಟಿತು.

ನರ್ಸಿಂಗ್ ಸ್ಟೇಷನ್ ಅಂದರೆ ಎರಡು ಕೋಣೆ, ತಗಡಿನ ಮಾಡು, ಮಳೆ ನೀರಿನ ಟ್ಯಾಂಕ್. ನರ್ಸ್ ಐವತ್ತರ ಹತ್ತಿರದವರು. ವರದಿ ಯಾಕೆ ಬರುತ್ತಿಲ್ಲ ಅಂತ ನಾವು ಬಾಯಿ ಬಿಡುವ ಮೊದಲೇ ರಿಜಿಸ್ಟರ್ ತಂದು ಮುಂದಿಟ್ಟರು.

ಆ ಪುಸ್ತಕ ಈಗಲೂ ಕಣ್ಣ ಮುಂದಿದೆ. ಉದ್ದನೆಯ ಲೆಕ್ಕದ ಪುಸ್ತಕ, ಹಳೆಯ ಕ್ಯಾಲೆಂಡರಿನ ಹಾಳೆ ಹೊದಿಸಿದ ರಟ್ಟು. ಕಾಲಂ ಗೆರೆ ಕೆಂಪು ಇಂಕಿನಲ್ಲಿ, ಸ್ಕೇಲ್ ಇಟ್ಟು ಎಳೆದದ್ದು. ದಿನಾಂಕ, ವಯಸ್ಸು, ಮನೆ, ಜ್ವರ ಬಂದು ಎಷ್ಟು ದಿನ. ವಾರದ ಕೊನೆಗೆ ಅಡ್ಡಗೆರೆ, ಅದರ ಕೆಳಗೆ ಮೊತ್ತ. ಏನೂ ಇಲ್ಲದ ಕಡೆ ದುಂಡಗೆ ಸೊನ್ನೆ. ಒಂದು ವಾರವೂ ಬಿಟ್ಟಿರಲಿಲ್ಲ.

ಮಳೆಗಾಳಿಗೆ ಟವರ್ ಕೈಕೊಟ್ಟ ಮೇಲೆ ಅವರು ವಾರದ ಲೆಕ್ಕವನ್ನು ಹಾಳೆಯಲ್ಲಿ ಬರೆದು ಲಾರಿಯವನ ಕೈಗೆ ಕೊಡುತ್ತಿದ್ದರು. ಲಾರಿಯವನೂ ಪ್ರತಿ ವಾರ ತಲುಪಿಸಿದ್ದ. ತಲುಪಿದ ಜಾಗದಲ್ಲಿ ಅದನ್ನು ಕಂಪ್ಯೂಟರಿಗೆ ಏರಿಸುವವರು ರಜೆಯಲ್ಲಿದ್ದರು. ಹಾಳೆಗಳು ಒಂದು ಟ್ರೇಯಲ್ಲಿ ಒಂದರ ಮೇಲೊಂದು ಕೂತಿದ್ದವು. ಸುವಾದಲ್ಲಿ ಕೂತು ನೋಡಿದರೆ ಈ ಊರೇ ಮೌನ. ಇಂಥದ್ದು ನಾನು ಬೇರೆ ದೇಶಗಳಲ್ಲೂ ಕಂಡಿದ್ದೇನೆ. ವರದಿ ಬರದಿದ್ದರೆ ಬೈಗುಳ ಹೋಗುವುದು ಯಾವಾಗಲೂ ಕೊನೆಯ ತುದಿಯ ನರ್ಸಿಗೆ. ನಡುವಿನ ಮೇಜುಗಳನ್ನು ಯಾರೂ ಕೇಳುವುದಿಲ್ಲ.

ಟೋಂಗಾದ ನರ್ಸಮ್ಮ ಬೆರಳಿಟ್ಟು ಓದುತ್ತಾ ಒಂದು ಕಡೆ ನಿಂತರು. ಒಂದೇ ಸಾಲಿನ ಮನೆಗಳಿಂದ ಮೂವರು, ಮೂರು ದಿನ ದಾಟಿದ ಜ್ವರ. ಅಂಚಿನಲ್ಲಿ ಪೆನ್ಸಿಲಿನ ಚಿಕ್ಕ ಗುರುತು. ಅಂದರೆ ಈ ನರ್ಸ್ ಅದನ್ನು ಆಗಲೇ ಹಿಡಿದಿದ್ದಾರೆ. "ಟೈಫಾಯ್ಡ್ ಇರಬಹುದು ಅನ್ನಿಸಿತು, ಡಾಕ್ಟರ್. ಆ ಸಾಲಿಗೆ ತೊರೆಯಿಂದ ಬರುವ ಪೈಪ್ ಬೇರೆ. ರಕ್ತ ತೆಗೆದು ಕಳಿಸಿದೆ. ನೀರು ಕುದಿಸಿ ಅಂದೆ. ಬಿಲೋ ಬೇರೆ ಬೇರೆ ಮಾಡಿ ಅಂದೆ." ಬೇಲಿ ಹಾಕಿಸಿ ಹಂದಿಗಳನ್ನು ತೊರೆಯ ಕೆಳಗಡೆಗೆ ಸಾಗಿಸಿದ್ದೂ ಆಗಿತ್ತು. ಒಬ್ಬನನ್ನು ಆಸ್ಪತ್ರೆಗೆ ಸೇರಿಸಿದ್ದರು, ಅವನು ಗುಣವಾಗಿ ಮನೆಗೆ ಬಂದಿದ್ದ. ಪೈಪ್ ಗುಂಟ ನಡೆದು ನೋಡಿದೆವು. ಎರಡು ಕಡೆ ಸೈಕಲ್ ಟ್ಯೂಬ್ ಸುತ್ತಿ ಕಟ್ಟಿದ ತೂತು, ಅದರ ಪಕ್ಕದಲ್ಲೇ ಶೌಚದ ಗುಂಡಿ. ನಾವು ಹೇಳಿಕೊಡಬೇಕಾದದ್ದು ಹೆಚ್ಚೇನೂ ಉಳಿದಿರಲಿಲ್ಲ. ಹೊಸ ಪೈಪಿಗೆ ಯಾರಿಗೆ ಬರೆಯಬೇಕು ಅನ್ನುವುದೊಂದೇ ಬಾಕಿ. ಆ ಪತ್ರ ಅಲ್ಲೇ ಕೂತು ಬರೆದೆವು.

ಊಟಕ್ಕೆ ರೌರೌ ಹಾಕಿದರು. ಕೆಸುವಿನ ಎಲೆಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿದ್ದು. ಪತ್ರೊಡೆ ತಿಂದು ಬೆಳೆದವಳಿಗೆ ಎರಡನೇ ಸಲ ಬಡಿಸಿಕೊಳ್ಳಲು ಯಾರೂ ಒತ್ತಾಯ ಮಾಡಬೇಕಾಗಲಿಲ್ಲ. ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದೆ ಅಂತ ಅಡುಗೆಯ ಅಮ್ಮ ಎಚ್ಚರಿಸಿದಾಗ ನಮ್ಮಲ್ಲಿ ಹುಣಸೆಹುಳಿ ಹಾಕುತ್ತೇವೆ ಅಂದೆ. ಆ ಮಾತು ಅರ್ಧ ಗಂಟೆ ನಡೆಯಿತು.

ಶುಕ್ರವಾರ: ಎರಡು ಹಡಗು

ಲೆವುಕಾ ಬಂದರಿನಲ್ಲಿ ನಿಂತರೆ ಎದುರಿಗೆ ಯಾನುದಾ ಲೈಲೈ ಅನ್ನುವ ಪುಟ್ಟ ದ್ವೀಪ ಕಾಣುತ್ತದೆ. ನನಗೆ ಈ ಇಡೀ ಪ್ರವಾಸದಲ್ಲಿ ನೋಡಲೇಬೇಕಾಗಿದ್ದ ಜಾಗ ಇದು.

1874ರ ಅಕ್ಟೋಬರಿನಲ್ಲಿ ಫಿಜಿ ಬ್ರಿಟಿಷರ ಕೈಗೆ ಹೋಯಿತು. ಮುಖ್ಯ ದೊರೆ ಥಾಕೊಂಬಾವ್ ಸಿಡ್ನಿಗೆ ಹೋಗಿ ಬಂದರು. 1875ರ ಜನವರಿಯಲ್ಲಿ ಎಚ್‌ಎಂಎಸ್ ಡೈಡೋ ಹಡಗು ಅವರನ್ನು ಇಲ್ಲಿ ಇಳಿಸಿತು. ಸಿಡ್ನಿಯಲ್ಲಿ ಅವರಿಗೆ ದಡಾರ ಬಂದಿತ್ತು, ಹಡಗಿನಲ್ಲೂ ದಡಾರ ಇತ್ತು. ಯಾರೂ ಹಡಗನ್ನು ತಡೆಯಲಿಲ್ಲ. ದೊರೆಯನ್ನು ಕಾಣಲು ಊರೂರಿನ ಮುಖಂಡರು ಬಂದು, ಕೂತು, ಕುಡಿದು, ತಮ್ಮ ತಮ್ಮ ಊರಿಗೆ ಹೋದರು. ಸುಮಾರು ಒಂದೂವರೆ ಲಕ್ಷ ಜನರಲ್ಲಿ 40,000 ಜನ ಕೆಲವೇ ತಿಂಗಳಲ್ಲಿ ಸತ್ತರು. ಮೊದಲು ಎಂದೂ ದಡಾರ ಕಾಣದ ನಾಡು. ದೊಡ್ಡವರು, ಮಕ್ಕಳು ಒಟ್ಟಿಗೇ ಮಲಗಿದರು. ಅಡುಗೆ ಮಾಡಲು, ನೀರು ಕೊಡಲು ಜನ ಇರಲಿಲ್ಲ.

ನಾಲ್ಕು ವರ್ಷದ ಮೇಲೆ, 1879ರ ಮೇ ತಿಂಗಳಲ್ಲಿ, ಇದೇ ಬಂದರಿಗೆ ಲಿಯೋನಿಡಾಸ್ ಬಂತು. ಭಾರತದ ಗಿರ್ಮಿಟ್ ಕೂಲಿಗಳನ್ನು ಫಿಜಿಗೆ ತಂದ ಮೊದಲ ಹಡಗು. ಕಲ್ಕತ್ತೆ ಬಿಟ್ಟ ಮೇಲೆ ದಾರಿಯಲ್ಲಿ ಕಾಲರಾ, ಸಿಡುಬು ಎದ್ದಿದ್ದವು. ಈ ಸಲ ವೈದ್ಯಾಧಿಕಾರಿ ವಿಲಿಯಂ ಮ್ಯಾಕ್‌ಗ್ರೆಗರ್ ಹಡಗನ್ನು ದಡಕ್ಕೆ ಬಿಡಲಿಲ್ಲ. ಬದುಕಿ ಬಂದ 463 ಜನರನ್ನು ಯಾನುದಾ ಲೈಲೈಗೆ ಇಳಿಸಿ, ಸುತ್ತ ಕಾವಲು ಹಾಕಿ, ತಿಂಗಳುಗಟ್ಟಲೆ ಅಲ್ಲೇ ಇಟ್ಟರು. ಅಲ್ಲಿ ಮತ್ತಷ್ಟು ಜನ ಸತ್ತರು. ರೋಗ ಮಾತ್ರ ಫಿಜಿಗೆ ದಾಟಲಿಲ್ಲ.

ಕ್ವಾರಂಟೈನ್ ಗೆದ್ದ ಕಥೆ ಅಂತ ಪಾಠದಲ್ಲಿ ಹೇಳುತ್ತೇವೆ. ನಿಜ. ಆದರೆ ದ್ವೀಪದ ಕಡೆ ನೋಡುತ್ತಾ ನನಗೆ ಅನ್ನಿಸಿದ್ದು, ಆ ಗೆಲುವಿನ ಖರ್ಚು ಪೂರ್ತಿ ಬಿದ್ದಿದ್ದು ಎಲ್ಲಿಗೆ ಬಂದಿದ್ದೇವೆ ಅಂತಲೂ ಗೊತ್ತಿಲ್ಲದ ಬಡವರ ಮೇಲೆ. ಈಗಲೂ ಹಡಗು ತಡೆಯುವ ಯೋಜನೆ ಬರೆಯುವಾಗ ತಡೆದಿಟ್ಟವರ ಊಟ, ನೀರು, ಔಷಧಿಯ ಪುಟ ಕೊನೆಗೆ ಬರುತ್ತದೆ. ಮ್ಯಾಕ್‌ಗ್ರೆಗರರ ಧೈರ್ಯ ಮೆಚ್ಚುತ್ತೇನೆ, ಆ ಪುಟ ಮೊದಲಿಗೆ ಬರಬೇಕು ಅಂತಲೂ ಹಟ ಹಿಡಿಯುತ್ತೇನೆ.

ಫಿಜಿಯಲ್ಲಿ 1885ರಲ್ಲಿ ವೈದ್ಯ ಶಾಲೆ ತೆರೆದರು, ದ್ವೀಪದ ಹುಡುಗರಿಗೇ ಚಿಕಿತ್ಸೆ ಕಲಿಸಲು. ಅದೇ ಬೆಳೆದು ಈಗ ಫಿಜಿ ರಾಷ್ಟ್ರೀಯ ವಿಶ್ವವಿದ್ಯಾಲಯದ ಭಾಗವಾಗಿದೆ.

ಶನಿವಾರ

ಇಡೀ ದಿನ ಪ್ರಯಾಣ. ಬಸ್, ಫೆರ್ರಿ, ಬಸ್, ವ್ಯಾನ್, ವಿಮಾನ. ರಾತ್ರಿ ಸಮೋವಾದ ರಾಜಧಾನಿ ಅಪಿಯಾ. ಹೇಳುವಂಥದ್ದು ಏನೂ ಇಲ್ಲ, ಬೆನ್ನು ನೋವಿನ ಹೊರತು.

ಭಾನುವಾರ: ಅಪಿಯಾ

ಸಮೋವಾದಲ್ಲಿ ಭಾನುವಾರ ಯಾವ ಕೆಲಸವೂ ಆಗುವುದಿಲ್ಲ. ಬಿಳಿ ಬಟ್ಟೆಯ ಜನ ಚರ್ಚಿಗೆ ಹೋಗುತ್ತಾರೆ, ಬಂದು ಉಣ್ಣುತ್ತಾರೆ, ಮಲಗುತ್ತಾರೆ. ನಾನು ವೈಮೋಸೊ ಕಡೆ ನಡೆದೆ. 1918ರ ಫ್ಲೂನಲ್ಲಿ ಸತ್ತವರನ್ನು ಒಟ್ಟಿಗೆ ಹೂತ ಜಾಗ ಅಲ್ಲಿದೆ.

ಆ ವರ್ಷ ನವೆಂಬರ್ 7ರಂದು ಆಕ್ಲೆಂಡಿನಿಂದ ತಲೂನೆ ಹಡಗು ಬಂತು. ಜ್ವರದ ಪ್ರಯಾಣಿಕರನ್ನು ಇಳಿಸಿಕೊಂಡರು. ಸುಮಾರು 8,500 ಜನ, ಅಂದರೆ ಐವರಲ್ಲಿ ಒಬ್ಬರಿಗಿಂತ ಜಾಸ್ತಿ, ಸತ್ತರು. ಪಕ್ಕದ ಅಮೆರಿಕನ್ ಸಮೋವಾದಲ್ಲಿ ಗವರ್ನರ್ ಜಾನ್ ಪೋಯರ್ ಬಂದರು ಬಿಗಿ ಮಾಡಿದರು. ಅಲ್ಲಿ ಒಂದು ಸಾವೂ ಆಗಲಿಲ್ಲ. ಆಗ ಇಲ್ಲಿ ಆಳುತ್ತಿದ್ದ ನ್ಯೂಜಿಲೆಂಡ್ 2002ರಲ್ಲಿ ಕ್ಷಮೆ ಕೇಳಿತು, ಪ್ರಧಾನಿ ಹೆಲೆನ್ ಕ್ಲಾರ್ಕ್ ಇಲ್ಲಿಗೇ ಬಂದು.

ಸೋಮವಾರ: ಅಪಿಯಾ

ಬೆಳಗ್ಗೆ ಓವಲಾವ್ ಲೆಕ್ಕ ಬಂದಿತ್ತು. ಬಿಡದ ಜ್ವರ ಒಂದು, ಉಳಿದದ್ದು ಸೊನ್ನೆ. ಟ್ರೇಯ ಹಾಳೆಗಳೂ ಕಂಪ್ಯೂಟರಿಗೆ ಏರಿದ್ದವು.

ಇಲ್ಲಿನ ತರಬೇತಿಗೆ ಬಂದವರಲ್ಲಿ ಅರ್ಧ ಜನ 2019ರ ದಡಾರ ನೋಡಿದವರು. ಅವರಿಗೆ ನಾನು ಪಾಠ ಮಾಡುವುದು ಏನು ಉಳಿದಿದೆ? 2018ರಲ್ಲಿ ದಡಾರ ಲಸಿಕೆಯ ಪುಡಿಗೆ ಹಾಕಬೇಕಾದ ನೀರಿನ ಬದಲು ಬೇರೆ ಔಷಧಿ ಬೆರೆಸಿ ಎರಡು ಕೂಸುಗಳು ಸತ್ತವು. ಲಸಿಕೆ ತಿಂಗಳುಗಟ್ಟಲೆ ನಿಂತಿತು. ಮತ್ತೆ ಶುರು ಮಾಡಿದಾಗ ತಾಯಂದಿರು ಬರಲಿಲ್ಲ. ಆ ವರ್ಷ ಲಸಿಕೆ ಪಡೆದ ಮಕ್ಕಳು ಮೂರರಲ್ಲಿ ಒಬ್ಬರಷ್ಟೂ ಇಲ್ಲ ಅಂತ ಅಂದಾಜು. ದಡಾರ ತಡೆಯಲು ನೂರಕ್ಕೆ 95 ಬೇಕು. ಮುಂದಿನ ವರ್ಷ ನ್ಯೂಜಿಲೆಂಡ್‌ನಲ್ಲಿ ದಡಾರ ಎದ್ದಿತು, ಅಲ್ಲಿಂದ ಇಲ್ಲಿಗೆ ಬಂತು. ಎರಡು ಲಕ್ಷ ಜನರ ದೇಶದಲ್ಲಿ 5,700 ದಾಟಿದ ಪ್ರಕರಣ, 83 ಸಾವು. ಹೋದವರು ಹೆಚ್ಚಿನವರು ಐದು ವರ್ಷದೊಳಗಿನ ಮಕ್ಕಳು.

ಡಿಸೆಂಬರ್ 5 ಮತ್ತು 6ರಂದು ಇಡೀ ದೇಶ ಬಾಗಿಲು ಹಾಕಿತು. ಲಸಿಕೆ ಆಗದವರು ಇರುವ ಮನೆ ಮುಂದೆ ಕೆಂಪು ಬಟ್ಟೆ ಕಟ್ಟಬೇಕಿತ್ತು, ತಂಡಗಳು ಮನೆಗೇ ಹೋದವು. ಅಂದು ಲಸಿಕೆ ಹಾಕಿದ ನರ್ಸ್ ಒಬ್ಬರು ಹೇಳಿದರು, "ಕೆಂಪು ಲಾವಾಲಾವಾ, ಕೆಂಪು ಟವೆಲ್, ಕೆಂಪು ಬಣ್ಣದ ಏನು ಸಿಕ್ಕಿತೋ ಅದನ್ನು ಕಟ್ಟಿದ್ದರು. ಹಿಂದಿನ ವರ್ಷ ನನ್ನನ್ನು ಬಾಗಿಲಿಂದ ವಾಪಸ್ ಕಳಿಸಿದವರೇ ಅಂದು ಗೇಟಿನಲ್ಲಿ ಕಾಯುತ್ತಾ ನಿಂತಿದ್ದರು."

ಮಧ್ಯಾಹ್ನ ಅಣಕು ಕಸರತ್ತು. ಒಂದು ಕಾಲ್ಪನಿಕ ಪ್ರವಾಸಿ ಹಡಗು, ಅದರಲ್ಲಿ ದದ್ದು ಎದ್ದ ಮೂವರು, ಸಮಯ ಶನಿವಾರ ರಾತ್ರಿ ಹತ್ತು. ಹಡಗು ನಿಲ್ಲಿಸಿ ಅಂತ ಹೇಳುವವರು ಯಾರು? ಅವರಿಗೆ ಫೋನ್ ಮಾಡುವವರು ಯಾರು? ಇಳಿಸದೆ ಇಟ್ಟ ಜನಕ್ಕೆ ಊಟ ಯಾರು ಕೊಡುತ್ತಾರೆ? ನನ್ನ ಹಟದ ಪುಟವನ್ನು ಮೊದಲೇ ಇಟ್ಟಿದ್ದೆ, ಒಂದು ಗಂಟೆ ಅದರ ಮೇಲೇ ಜಗಳ ಆಯಿತು. ಒಳ್ಳೆಯ ಜಗಳ.

ಆಮೇಲೆ ಗೋಡೆಯ ಮೇಲಿನ ತುರ್ತು ಫೋನ್ ಪಟ್ಟಿ ನೋಡಿ ಒಂದೊಂದೇ ನಂಬರಿಗೆ ಕರೆ ಮಾಡಿ ಅಂದೆ, ಅಣಕಿಗಲ್ಲ, ನಿಜವಾಗಿ. ಇಬ್ಬರು ವರ್ಗವಾಗಿ ಹೋಗಿದ್ದರು. ಒಬ್ಬರು ನಿವೃತ್ತರಾಗಿ ಮೀನು ಹಿಡಿಯುತ್ತಿದ್ದರು, ಆದರೂ ಬೇಕಾದರೆ ಬರ್ತೇನೆ ಅಂದರು. ಒಂದು ನಂಬರ್ ಹೊಡೆದರೆ ಬೇಕರಿಯವರು ಎತ್ತಿದರು. ಪಟ್ಟಿಯನ್ನು ಹೊಸದಾಗಿ ಬರೆಯಲು ಕೂತರು. ಬೇಕರಿಯ ನಂಬರನ್ನು ಅಳಿಸಬೇಡಿ, ಹಡಗಿನವರಿಗೆ ಬ್ರೆಡ್ ಬೇಕಾಗುತ್ತದೆ ಅಂದರು ಟೋಂಗಾದ ನರ್ಸಮ್ಮ. ಹಾಗೆಯೇ ಬಿಟ್ಟರು, ಎದುರಿಗೆ ಬೇಕರಿ ಅಂತ ಸರಿಯಾಗಿ ಬರೆದು.